ನಡುಗೆರೆ

"ಐದು ಅಂದ್ರೆ ಐದು," ಎಂದು ಮೇಷ್ಟ್ರು ಕಾಗದವನ್ನು ಮೇಜಿನ ಮೇಲೆ ಬಡಿದರು. "ಹನ್ನೊಂದು ವರ್ಷದಿಂದ ಐದು ಇದ್ದದ್ದು, ಯಾರೋ ಒಬ್ಬ ಕೇಳಿದ ಅಂತ ಈಗ ನಾಲ್ಕಾಗಿಬಿಡುತ್ತಾ?"

ಬಡಿದ ರಭಸಕ್ಕೆ ಮಸಿ ಬಾಟಲಿ ಅಲುಗಾಡಿತು. ಗೆರೆಯಮ್ಮ ಕೈಚಾಚಿ ಹಿಡಿದುಕೊಂಡಳು. ಮೇಷ್ಟ್ರ ಕೋಪಕ್ಕೂ ಮಸಿ ಬಾಟಲಿಗೂ ಇಪ್ಪತ್ತೆರಡು ವರ್ಷಗಳ ನಂಟು. ಹಿಂದೆ ಎರಡು ಸಲ ಚೆಲ್ಲಿದ ಕಲೆ ಮೇಜಿನ ಮೇಲೆ ಇನ್ನೂ ಹಾಗೇ ಇತ್ತು.

ಕಾಗದ ಬಂದದ್ದು ದೂರದ ಇನ್ನೊಂದು ವಿಶ್ವವಿದ್ಯಾಲಯದಿಂದ. ಬರೆದವನು ಮರ್ಯಾದಸ್ಥ. ಇವರಿಬ್ಬರ ಪುಸ್ತಕದ ಕರಡು ಓದಿ ಅಭಿಪ್ರಾಯ ಹೇಳಲು ಒಪ್ಪಿಕೊಂಡಿದ್ದವನು ನೂರ ಎಂಬತ್ತು ಚಿತ್ರಗಳನ್ನೂ ಬಾಯ್ತುಂಬ ಹೊಗಳಿ, ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದ್ದ. ಮೊದಲನೆಯ ಚಿತ್ರದ ಗಿಡಕ್ಕೆ ಐದು ಕೇಸರಗಳೆಂದು ಬರೆದಿದ್ದೀರಿ, ಅದರ ಬಳಗದಲ್ಲೆಲ್ಲ ನಾಲ್ಕೇ ಇರುವುದು; ಉಳಿದ ಲಕ್ಷಣಗಳೆಲ್ಲ ಬೇಲಿಬದಿಯ ಮಾಮೂಲಿ ಕಳೆಗಿಡದ್ದೇ; ದಯವಿಟ್ಟು ಇನ್ನೊಮ್ಮೆ ಎಣಿಸಿ ನೋಡುತ್ತೀರಾ? ಕೇಸರವೆಂದರೆ ಪರಾಗ ಹೊತ್ತುಕೊಂಡು ಹೂವಿನೊಳಗೆ ನಿಲ್ಲುವ ಕೂದಲೆಳೆಯಂಥ ಕಡ್ಡಿ. ಆ ಕಡ್ಡಿ ಒಂದು ಹೆಚ್ಚಿದ್ದರೆ ಅದು ಜಗತ್ತಿನಲ್ಲಿ ಬೇರೆಲ್ಲೂ ಕಾಣದ ಹೊಸ ಗಿಡ. ಇಲ್ಲದಿದ್ದರೆ ದನವೂ ಮೂಸದ ಕಳೆ.

"ಕೋಪ ಮಾಡ್ಕೋಬೇಡಿ ಸರ್," ಎಂದಳು ಬಾಗಿಲಲ್ಲಿ ನಿಂತಿದ್ದ ಸಸ್ಯಶಾಸ್ತ್ರ ವಿಭಾಗದ ಹೊಸ ಮುಖ್ಯಸ್ಥೆ. ನಲವತ್ತರ ಹೆಂಗಸು, ಮಾತು ಮೆತ್ತಗೆ, ಕೆಲಸ ಖಡಕ್ಕು. "ತಪ್ಪು ಅಂತ ಅವರು ಹೇಳ್ತಿಲ್ಲ. ನೋಡಿ ಅಂತಿದಾರೆ ಅಷ್ಟೇ. ಪುಸ್ತಕ ಅಚ್ಚಿಗೆ ಹೋಗೋಕ್ಕೆ ಮುಂಚೆ ನೋಡಿಬಿಟ್ರೆ ನಮಗೂ ನಿರಾಳ."

"ಎಲ್ಲಿ ನೋಡೋದಮ್ಮ? ಗಿಡ ಸಿಕ್ಕಿದ ಆ ಗುಡ್ಡ ಎಲ್ಲಿದೆ ಈಗ? ಜಲ್ಲಿ ಮಾಡಿ ರಸ್ತೆಗೆ ಹಾಕಿದಾರೆ. ನಾನೂ ನೀವೂ ದಿನಾ ಅದರ ಮೇಲೇ ಓಡಾಡ್ತಿದೀವಿ."

"ಹಾಳೆ ಮೇಲೆ ಒಂದು ಮೊಗ್ಗು ಉಳಿದಿದೆ, ಸರ್."

ಮೇಷ್ಟ್ರು ಬೀರುಗಳ ಕಡೆಗೆ ತಿರುಗಿದರು. ಹೌದು, ಉಳಿದಿತ್ತು. ಗೋಡೆಯುದ್ದಕ್ಕೂ ನಿಂತ ಕಬ್ಬಿಣದ ಬೀರುಗಳಲ್ಲಿ ಆ ವಿಭಾಗದವರು ನೂರು ವರ್ಷಗಳಿಂದ ಒಣಗಿಸಿ ಅಂಟಿಸಿಟ್ಟ ಗಿಡಗಳಿದ್ದವು, ಹಾಳೆಗೊಂದರಂತೆ, ನುಸಿಗುಳಿಗೆಯ ವಾಸನೆಯಲ್ಲಿ. ಅದರಲ್ಲೊಂದು ಹಾಳೆಯ ಮೇಲೆ ಆ ಗಿಡ ಅಂಗಾತ ಮಲಗಿತ್ತು. ತಂದಾಗ ಇದ್ದ ಎರಡು ಹೂಗಳನ್ನು ಹುಳು ತಿಂದು ಪುಡಿ ಮಾಡಿತ್ತು. ಎಲೆಯ ಕಂಕುಳಲ್ಲಿ ಅಡಗಿದ್ದ ಒಂದು ಬಲಿತ ಮೊಗ್ಗು ಮಾತ್ರ ಹೇಗೋ ಬಚಾವಾಗಿತ್ತು. ಗಿಡಕ್ಕೆ ಆ ಕಾಲದಲ್ಲಿ ಸವರಿದ್ದ ಔಷಧಿಯ ದೆಸೆಯಿಂದ ವಂಶವಾಹಿ ಪರೀಕ್ಷಿಸುವ ಈಗಿನ ಯಂತ್ರಗಳಿಗೂ ಅದರಿಂದ ಏನೂ ಹೊರಡಿಸಲು ಬರುತ್ತಿರಲಿಲ್ಲ. ಬಿಡಿಸಿ ಕಣ್ಣಲ್ಲೇ ನೋಡಬೇಕು, ಒಮ್ಮೆ ಬಿಡಿಸಿದರೆ ಮುಗಿಯಿತು.

"ಸರಿ," ಎಂದರು ಮೇಷ್ಟ್ರು. "ನಾಳೆ ಬೆಳಿಗ್ಗೆ. ಆದ್ರೆ ನೀವ್ಯಾರೂ ಕೈ ಹಾಕಕೂಡದು. ಗೆರೆಯಮ್ಮನೇ ಬಿಡಿಸ್ಲಿ. ಇವಳು ನೋಡಿದ ಮೇಲೆ ಬೇರೆ ಯಾರೂ ನೋಡೋದು ಬೇಕಿಲ್ಲ."

ಗೆರೆಯಮ್ಮ ತಲೆಯಾಡಿಸಿದಳು. ಅವಳಿಗೂ ಆಗ ಯಾವ ಅನುಮಾನವೂ ಇರಲಿಲ್ಲ.

ಗೆರೆಯಮ್ಮ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಯಾವ ಗಿಡ ಕೊಟ್ಟರೂ ಅವಳು ಮೊದಲು ಹಾಳೆಯ ಮಧ್ಯೆ ಪೆನ್ಸಿಲಿನಲ್ಲಿ ಒಂದು ತೆಳುಗೆರೆ ಎಳೆಯುತ್ತಿದ್ದಳು, ಹೂವಿಗೆ ಬಂದಾಗ ಹೂವಿನ ನಡುವೆಯೂ ಇನ್ನೊಂದು. ಚಿಕ್ಕಂದಿನಲ್ಲಿ ಚಿತ್ರದ ಮಾಸ್ತರರೊಬ್ಬರು ಕಲಿಸಿದ ಪಾಠ: ನಡುಗೆರೆ ನೆಟ್ಟಗಿದ್ದರೆ ಉಳಿದದ್ದು ತಾನಾಗಿ ನೆಟ್ಟಗಾಗುತ್ತದೆ. ಗೆರೆ ಎಲ್ಲಿ ಮುಗಿಯುತ್ತದೆಂದು ತಿಳಿಯಲು ತುದಿಗೆ ಒಂದು ಚುಕ್ಕಿ. ಚಿತ್ರವಾದ ಮೇಲೆ ಗೆರೆಯನ್ನೂ ಚುಕ್ಕಿಯನ್ನೂ ಉಜ್ಜಿ ಅಳಿಸಿಬಿಡುವುದು.

ವಿಜ್ಞಾನದ ವಿಭಾಗದಲ್ಲಿ ಚಿತ್ರಗಾರ್ತಿ ಎಂಬ ಹುದ್ದೆಯೇ ಇಲ್ಲದ್ದರಿಂದ ಕಡತದಲ್ಲಿ ಅವಳು ಪ್ರಯೋಗಾಲಯದ ಸಹಾಯಕಿ. ಸೇರಿದ ಹೊಸದರಲ್ಲಿ ಗಾಜಿನ ಬಟ್ಟಲು ತೊಳೆಯಲೂ ಹೇಳಿದ್ದರು. ರಸ್ತೆಯಾಚೆ ಕಲಾಶಾಲೆಯಿತ್ತು, ಒಮ್ಮೆ ಧೈರ್ಯ ಮಾಡಿ ಹತ್ತು ಚಿತ್ರಗಳನ್ನು ಅಲ್ಲಿನ ಪ್ರದರ್ಶನಕ್ಕೆ ಒಯ್ದಳು. ಗಡ್ಡದವನೊಬ್ಬ ಎಲ್ಲವನ್ನೂ ತಿರುವಿ ಹಾಕಿ, "ಕೈ ಚೆನ್ನಾಗಿದೆ. ಆದ್ರೆ ಇದರಲ್ಲಿ ನಿಮ್ಮದು ಅನ್ನೋದು ಏನಿದೆ? ಗಿಡ ಇದ್ದ ಹಾಗೆ ಬರೆದಿದೀರಿ," ಅಂದ. ಅದನ್ನು ಬೈಗುಳವೆಂದು ತಿಳಿಯಲು ಅವಳಿಗೆ ಮನೆ ಮುಟ್ಟುವಷ್ಟು ಹೊತ್ತು ಹಿಡಿಯಿತು. ಆಚೆಯವರಿಗೆ ಅವಳು ನಕಲು ತೆಗೆಯುವವಳು, ಈಚೆಯವರಿಗೆ ಪುಸ್ತಕಕ್ಕೆ ಸಿಂಗಾರ ಮಾಡುವವಳು. ಎರಡು ಕಡೆಗೂ ಬೇಡವಾದ ಆ ಹೆಂಗಸನ್ನು ಮೇಜಿನ ಎದುರಿಗೆ ಕುರ್ಚಿ ಹಾಕಿ ಕೂರಿಸಿಕೊಂಡವರು ಮೇಷ್ಟ್ರೊಬ್ಬರೇ. "ನಾನು ಬರೆದದ್ದನ್ನ ನಾಳೆ ಇನ್ನೊಬ್ಬ ಅಳಿಸ್ತಾನೆ. ನೀನು ಬರೆದದ್ದು ನಿಲ್ಲುತ್ತೆ ನೋಡಮ್ಮ," ಅನ್ನುತ್ತಿದ್ದರು. "ನಿನ್ನ ಕಣ್ಣಿರೋವಾಗ ನಂಗೆ ಭೂತಗನ್ನಡಿ ಯಾಕೆ?" ಇಂಥ ಮಾತು ಕೇಳಿದ ದಿನ ಅವಳು ಬಸ್ಸಿನಲ್ಲಿ ನಿಂತೇ ಹೋದರೂ ಕಾಲು ನೋಯುತ್ತಿರಲಿಲ್ಲ.

ಗುಡ್ಡದ ಆ ಗಿಡಕ್ಕೆ ಮೇಷ್ಟ್ರು ಅವಳ ಹೆಸರಿಟ್ಟರು. ಗೆರೆಯಮ್ಮನೆಂದಲ್ಲ, ಶಾಲೆಯ ದಾಖಲೆಯಲ್ಲಿದ್ದ ಅವಳ ನಿಜವಾದ ಹೆಸರು ಲ್ಯಾಟಿನ್ನಿನ ಬಾಲ ಹಚ್ಚಿಕೊಂಡು ಪರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಚಿತ್ರದ ಪ್ರತಿಗೆ ಅವಳ ಅತ್ತೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಹಾಲಿನ ಅಂಗಡಿಯ ಸಾಲಿನಲ್ಲಿ ನಿಂತವರಿಗೆಲ್ಲ, "ನಮ್ಮ ಸೊಸೆ ಹೆಸರಲ್ಲಿ ಒಂದು ಗಿಡ ಇದೆ, ಗೊತ್ತಾ? ಸರ್ಕಾರದವರೇ ಇಟ್ಟಿದ್ದು," ಎಂದು ಸಾರುತ್ತಿದ್ದಳು. ಮಕ್ಕಳಿಲ್ಲದ ಸೊಸೆಯ ಬಗ್ಗೆ ಸಾಲಿನಲ್ಲಿ ಏಳುತ್ತಿದ್ದ ಬೇರೆ ಮಾತುಗಳು ಆ ಗಿಡ ಬಂದ ಮೇಲೆ ತಣ್ಣಗಾಗಿದ್ದವು. ಆ ಒಂದು ಹೆಸರಿನ ಮೇಲೆ ಗೆರೆಯಮ್ಮನಿಗೆ ಅದೆಷ್ಟು ಆಸೆಯಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ. ತಾನು ಸತ್ತ ಮೇಲೂ ಎಲ್ಲೋ ಒಂದು ಬೀರುವಿನಲ್ಲಿ ತನ್ನ ಹೆಸರು ಗಿಡದ ಪಕ್ಕ ಮಲಗಿರುತ್ತದೆ ಎಂದುಕೊಂಡರೆ ಸಾಕು, ಎದೆ ತುಂಬಿ ಬರುತ್ತಿತ್ತು.

ಈಗ ಪುಸ್ತಕದ ಕಾಲ. ಮೇಷ್ಟ್ರು ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ದಿನವೂ ಬರುತ್ತಿದ್ದದ್ದು ಅದಕ್ಕೇ. ಕುಲಪತಿಗಳು ಮುನ್ನುಡಿ ಬರೆದುಕೊಟ್ಟಿದ್ದರು: ಕಲೆ ಮತ್ತು ವಿಜ್ಞಾನದ ನಡುವಿನ ಕಂದಕಕ್ಕೆ ಈ ಇಬ್ಬರು ಸೇತುವೆ ಕಟ್ಟಿದ್ದಾರೆ, ಇತ್ಯಾದಿ. ಕುಲಪತಿಗಳಿಗೆ ಸೇತುವೆಯೆಂದರೆ ಪ್ರಾಣ. ಹೋದ ವರ್ಷ ಕ್ರೀಡಾ ಸಂಚಿಕೆಯ ಮುನ್ನುಡಿಯಲ್ಲೂ ಒಂದು ಕಟ್ಟಿದ್ದರು. ಆದರೂ ಮೇಷ್ಟ್ರು ಆ ಸಾಲನ್ನು ಗೆರೆಯಮ್ಮನಿಗೆ ಎರಡು ಸಲ ಓದಿ ಹೇಳಿದ್ದರು, ಎರಡನೆಯ ಸಲ ದನಿ ನಡುಗಿತ್ತು. ಈ ವರ್ಷದಿಂದ ಎರಡೂ ಕಡೆಯ ಹುಡುಗರಿಗೆ ಒಟ್ಟಿಗೆ ಪಾಠ ಹೇಳುವ ಹೊಸ ತರಗತಿಯೊಂದು ಇದೇ ಕೋಣೆಯಲ್ಲಿ ಶುರುವಾಗುವುದಿತ್ತು. ಪುಸ್ತಕದ ಬಿಡುಗಡೆಯ ದಿನವೇ ಅದರ ಉದ್ಘಾಟನೆ. 'ಕಲೆ-ವಿಜ್ಞಾನ ಸಂಗಮ' ಎಂದು ಬರೆದ ಫಲಕ ಆಗಲೇ ಬಂದು, ಕಾಗದ ಸುತ್ತಿಕೊಂಡು ಮೂಲೆಯಲ್ಲಿ ನಿಂತಿತ್ತು.

ಸಂಜೆ ಮನೆಗೆ ಬಂದವಳೇ ಗೆರೆಯಮ್ಮ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಎಳೆದಳು. ಅನುಮಾನದಿಂದಲ್ಲ, ಉತ್ಸಾಹದಿಂದ. ಆ ಗಿಡದ ಮೊದಲ ಕರಡು ಚಿತ್ರ ಅದರಲ್ಲಿತ್ತು. ನಾಳೆ ಮೇಷ್ಟ್ರಿಗೆ ತೋರಿಸಿದರೆ ಖುಷಿಪಟ್ಟಾರು ಎಂದುಕೊಂಡಳು.

ಅವಳ ಗಂಡ ಹೊಲಿಗೆಯವನು. ನಡುಮನೆಯ ಮೂಲೆಯಲ್ಲೇ ಅವನ ಯಂತ್ರ. "ಏನೇ, ಪೆಟ್ಟಿಗೆ ಎಳೀತಿದೀಯ? ತವರುಮನೆಗೆ ಹೊರಟ್ಯೋ ಹೇಗೆ?" ಎಂದ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ಸುಮ್ನಿರ್ರೀ," ಎಂದು ಅವಳು ಹಳೆಯ ಹಾಳೆಗಳನ್ನು ಒಂದೊಂದಾಗಿ ತೆಗೆದಳು. ಸಿಕ್ಕಿತು. ಅಂಚು ಹಳದಿಯಾಗಿತ್ತು, ಒಂದು ಮೂಲೆಯಲ್ಲಿ ಮಣ್ಣಿನ ಬೆರಳಚ್ಚಿತ್ತು.

ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಮೇಷ್ಟ್ರು ಗುಡ್ಡದಿಂದ ಮೈ ಸುಡುವ ಜ್ವರ ಹೊತ್ತು ಇಳಿದಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಗಿಡವನ್ನು ಅವಳ ಮುಂದಿಟ್ಟು, "ಬಣ್ಣ ಹೋಗೋಕ್ಕೆ ಮುಂಚೆ ಬರ್ಕೊಂಡ್ಬಿಡಮ್ಮ," ಎಂದು ಕುರ್ಚಿಗೆ ಒರಗಿದ್ದರು. ಅವಳು ಬರೆದಳು, ಹೂವಿನ ನೀಲಿ ಮಾಸುವಷ್ಟರಲ್ಲಿ, ಅರ್ಧ ಗಂಟೆಯಲ್ಲಿ. ಕರೆದೊಯ್ಯಲು ಬಂದ ಅವರ ಮಗಳು ಅವಸರ ಮಾಡಿದಳು. ಮೇಷ್ಟ್ರು ಕರಡನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಅದನ್ನು ಹಿಂದಿರುಗಿಸಿದ್ದು ಮೂರು ವಾರದ ಮೇಲೆ, ಗಿಡದ ಸಂಪೂರ್ಣ ವಿವರಣೆಯ ಜೊತೆಗೆ. ಐದು ಕೇಸರಗಳು, ಎಂದು ಅದರಲ್ಲಿತ್ತು. ಅಷ್ಟರಲ್ಲಿ ಗಿಡ ಒಣಗಿ ಹಾಳೆಗೆ ಅಂಟಿಯಾಗಿತ್ತು. ಅವಳು ವಿವರಣೆಯನ್ನು ಎದುರಿಗಿಟ್ಟುಕೊಂಡು ಮಸಿಯಲ್ಲಿ ಅಂತಿಮ ಚಿತ್ರ ಬರೆದಳು. ಮೇಷ್ಟ್ರು ಬಿಡಿಸಿ ಎಣಿಸಿದ್ದಾರೆ, ಇನ್ನೇನು ಬೇಕು?

ಈಗ ಕರಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತೆರೆದ ಹೂವು; ಕಾಯಿ ಕಟ್ಟುವ ಹೆಣ್ಣು ಕಡ್ಡಿಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆದಿದ್ದಳು. ಒಳಗೆ ಎಡಕ್ಕೆರಡು ಕೇಸರ, ಬಲಕ್ಕೆರಡು ಕೇಸರ. ಮಧ್ಯದಲ್ಲಿ ಇನ್ನೊಂದು, ಉಳಿದವಕ್ಕಿಂತ ನೇರವಾಗಿ, ತುದಿಯಲ್ಲಿ ಚುಕ್ಕಿ ಹೊತ್ತುಕೊಂಡು.

ಅದು ಕೇಸರವಲ್ಲ. ಅದು ಅವಳ ನಡುಗೆರೆ. ಅಳಿಸಲು ಪುರಸೊತ್ತಾಗದೆ ಉಳಿದುಹೋದ ಗೆರೆ.

ಜ್ವರದಲ್ಲಿ ಮಲಗಿದ್ದ ಮೇಷ್ಟ್ರು ಎಣಿಸಿದ್ದು ಹೂವನ್ನಲ್ಲ, ಈ ಹಾಳೆಯನ್ನು. ಇವಳು ಕಣ್ಣಾರೆ ನೋಡಿ ಬರೆದಿದ್ದಾಳೆಂದು ಅವರು, ಅವರು ಬಿಡಿಸಿ ಎಣಿಸಿದ್ದಾರೆಂದು ಇವಳು. ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಗ್ಗಿದ್ದರು, ಹೂವಿನ ಮುಖ ಮಾತ್ರ ಯಾರೂ ಮತ್ತೆ ನೋಡಿರಲಿಲ್ಲ.

ಅವಳು ಹಾಳೆ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು. ಗಂಡ ಯಂತ್ರ ನಿಲ್ಲಿಸಿ, ಪಿನ್ನುಗಳನ್ನು ಉಗುಳಿ ಹತ್ತಿರ ಬಂದ. ಅವಳು ಹೇಳಿದ್ದನ್ನೆಲ್ಲ ಕೇಳಿದ. ಕೇಳಿ, ಹೊಲಿಗೆಯವನ ಬುದ್ಧಿಗೆ ಹೊಳೆದದ್ದನ್ನು ಹೇಳಿದ.

"ಗಿರಾಕಿ ಬಂದು 'ನನ್ನ ಸೊಂಟ ಮೂವತ್ತನಾಲ್ಕು, ಮೊನ್ನೆ ತಾನೇ ಅಳೆಸಿದ್ದೆ' ಅಂತಾನೆ. ಹೂಂ ಅಂತೀನಿ, ಟೇಪು ಮಾತ್ರ ಹಾಕೇ ಹಾಕ್ತೀನಿ. ಅವನ ಮೇಲೆ ಅಪನಂಬಿಕೆ ಅಂತಲ್ಲ ಕಣೇ. ಬಟ್ಟೆ ಕತ್ತರಿಸೋದು ನಾನಲ್ವಾ?"

"ನಿಮ್ಗೇನು, ಅವನು ಗಿರಾಕಿ," ಎಂದಳು ಅವಳು. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

ಒಳಗಿನಿಂದ ಅತ್ತೆ, "ಏನಂತೆ? ಏನಂತೆ ಅವಳಿಗೆ?" ಎಂದು ಕೂಗಿದಳು. ಗಂಡ, "ಏನಿಲ್ಲಮ್ಮ, ತಲೆನೋವಂತೆ," ಎಂದು ಮತ್ತೆ ಯಂತ್ರಕ್ಕೆ ಕೂತ. ಗೋಡೆಯ ಮೇಲೆ ಚೌಕಟ್ಟಿನೊಳಗೆ ಐದು ಕೇಸರದ ಹೂವು ಬಾಯಿ ತೆರೆದುಕೊಂಡಿತ್ತು. ಅವಳು ಆ ಕಡೆಗೆ ತಲೆಯೆತ್ತಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೇಷ್ಟ್ರಿಗೆ ಹೇಳಿಬಿಡಬೇಕೆಂದು ಅವಳು ಒಂದು ಬಸ್ಸು ಮುಂಚೆಯೇ ಹೋದಳು. ಮೇಷ್ಟ್ರು ಆಗಲೇ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಒಂದು ಕಣ್ಣಿಗೆ ಪೊರೆ ಬಂದು ಕೈಯೂ ನಡುಗುತ್ತಿದ್ದರಿಂದ ಕತ್ತಿನ ಬಳಿ ಗುಂಡಿ ತಪ್ಪಿ ಹಾಕಿಕೊಂಡಿದ್ದರು.

"ಬಾಮ್ಮ. ನಿನ್ನೆ ಆ ಕಾಗದ ಇನ್ನೊಂದು ಸಲ ಓದಿದೆ. ಪಾಪ, ಒಳ್ಳೇವನೇ. ಉತ್ತರಾನೂ ಬರೆದಿಟ್ಟಿದೀನಿ, ಸಂಖ್ಯೆ ಒಂದು ತುಂಬೋದು ಬಾಕಿ," ಎಂದು ನಕ್ಕರು.

"ಮೇಷ್ಟ್ರೇ, ನಿಮ್ಹತ್ರ ಒಂದು ಮಾತು..."

"ಆಮೇಲೆ ಹೇಳುವೆಯಂತೆ. ನೀರು ಕಾಯಿಸು. ಒಂದು ತೊಟ್ಟು ಸೋಪು ಹಾಕೋದು ಮರೀಬೇಡ, ಇಲ್ದಿದ್ರೆ ಮೊಗ್ಗು ಮೆತ್ತಗಾಗಲ್ಲ."

ಅವರ ಖುಷಿ ಕಂಡು ಅವಳಿಗೆ ಹೇಳುವ ಧೈರ್ಯ ಸಾಲಲಿಲ್ಲ. ನೀರು ಕಾಯಿಸಿದಳು, ಸೋಪು ಹಾಕಿದಳು. ಮುಖ್ಯಸ್ಥೆ ಬಂದ ಮೇಲೆ ಹಾಳೆಯಿಂದ ಮೊಗ್ಗನ್ನು ಚಿಮಟದಲ್ಲಿ ಬಿಡಿಸಿ ಗಾಜಿನ ಬಟ್ಟಲಿಗೆ ಇಳಿಬಿಟ್ಟಳು. ಕಾಳುಮೆಣಸಿನಷ್ಟಿದ್ದ ಕಪ್ಪು ಉಂಡೆ ನೀರಿನಲ್ಲಿ ನಿಧಾನ ಉಬ್ಬಿ, ಇಪ್ಪತ್ತು ನಿಮಿಷದಲ್ಲಿ ಒಂದು ಬಗೆಯ ಮಂಕು ನೀಲಿಗೆ ತಿರುಗಿತು. ಹನ್ನೊಂದು ವರ್ಷದ ಮೇಲೂ ಬಣ್ಣ ಒಳಗೆಲ್ಲೋ ಉಳಿದಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು.

ಸೂಕ್ಷ್ಮದರ್ಶಕದ ಕೆಳಗಿಟ್ಟು ಮೊದಲ ಎಸಳನ್ನು ಸೂಜಿಯಲ್ಲಿ ಎತ್ತುವಷ್ಟರಲ್ಲಿ ಮುಖ್ಯಸ್ಥೆಯ ಫೋನು ಹೊಡೆದುಕೊಂಡಿತು. "ಕುಲಪತಿಗಳ ಆಫೀಸಿಂದ. ಎರಡು ನಿಮಿಷ," ಎಂದು ಅವಳು ಪಡಸಾಲೆಗೆ ಹೋದಳು.

ಕೋಣೆಯಲ್ಲಿ ಇಬ್ಬರೇ. ಗೆರೆಯಮ್ಮ ಎಸಳುಗಳನ್ನು ಎರಡೂ ಬದಿಗೆ ಮಲಗಿಸಿದಳು. ನಡುವಿನ ಹೆಣ್ಣು ಕಡ್ಡಿಯನ್ನು ಪಕ್ಕಕ್ಕೆ ಸರಿಸಿದಳು. ಒಂದು, ಎರಡು. ಮೂರು, ನಾಲ್ಕು. ಆಮೇಲೆ ಖಾಲಿ ಜಾಗ.

ನೀರಲ್ಲಿ ನೆನೆದ ಹಳೆಯ ಹೂವು ಎಷ್ಟು ಮೆತ್ತಗೆಂದರೆ ಸೂಜಿ ಕೂದಲೆಳೆಯಷ್ಟು ಜಾರಿದರೂ ಎಲ್ಲ ಕಲಸಿಹೋಗುತ್ತದೆ. ಎಷ್ಟೋ ಸಲ ಹಾಗಾಗಿತ್ತು. ಯಾರೂ ಯಾರನ್ನೂ ಬೈದಿರಲಿಲ್ಲ. ಈಗಲೂ ಹಾಗಾದರೆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಗುಡ್ಡವಿಲ್ಲ, ಹೂವಿಲ್ಲ, ಇರುವುದು ಚಿತ್ರ ಮಾತ್ರ. ಪುಸ್ತಕ ಹೊರಬರುತ್ತದೆ, ಮೇಷ್ಟ್ರ ಮುಖದ ನಗು ಉಳಿಯುತ್ತದೆ. ಬೀರುವಿನಲ್ಲಿ ತನ್ನ ಹೆಸರೂ ಉಳಿಯುತ್ತದೆ. ಒಂದೇ ಒಂದು ಸಲ ಕೈ ಅಲುಗಿದರೆ ಸಾಕು. ಅವಳು ಅಷ್ಟನ್ನೂ ಯೋಚಿಸಿದಳು. ಯೋಚಿಸಲಿಲ್ಲವೆಂದರೆ ಸುಳ್ಳಾದೀತು.

ಕೈ ಅಲುಗಲಿಲ್ಲ. ಅದನ್ನು ಪ್ರಾಮಾಣಿಕತೆ ಎಂದು ಹೊಗಳುವ ಅಗತ್ಯವಿಲ್ಲ. ಇಪ್ಪತ್ತೆರಡು ವರ್ಷ ಕೆಡಿಸದಿರುವುದನ್ನಷ್ಟೇ ಕಲಿತ ಕೈಗೆ ಕೆಡಿಸುವುದು ಹೇಗೆಂದು ಗೊತ್ತಿರಲಿಲ್ಲ, ಅಷ್ಟೇ.

"ಎಷ್ಟಮ್ಮ?" ಎಂದರು ಮೇಷ್ಟ್ರು. ಪೆನ್ನು ಹಿಡಿದು, ಉತ್ತರದ ಕಾಗದ ಎದುರಿಗಿಟ್ಟುಕೊಂಡಿದ್ದರು.

"ನಾಲ್ಕು, ಮೇಷ್ಟ್ರೇ."

"ಸರಿಯಾಗಿ ನೋಡು. ಒಂದು ಉದುರಿರಬೇಕು."

"ಉದುರಿದ್ರೆ ಬುಡದ ಗುರುತು ಇರ್ತಿತ್ತು. ಇಲ್ಲ."

ಮೇಷ್ಟ್ರು ಎದ್ದು ಬಂದರು. ಸೂಕ್ಷ್ಮದರ್ಶಕದ ಬಳಿಗಲ್ಲ. ಪುಸ್ತಕದ ಕಟ್ಟು ಬಿಚ್ಚಿ ಮೊದಲನೆಯ ಚಿತ್ರವನ್ನು ತೆಗೆದು ಅವಳ ಮುಂದೆ ಹಿಡಿದರು. "ಇಲ್ಲಿ ಐದಿದೆಯಲ್ಲ. ನೀನೇ ಬರೆದದ್ದು. ನೀನು ಇಲ್ಲದ್ದನ್ನ ಬರೆಯೋವಳಲ್ಲ."

"ನಾನು ನಿಮ್ಮ ವಿವರಣೆ ನೋಡಿ ಬರೆದೆ, ಮೇಷ್ಟ್ರೇ."

"ನಾನು..." ಎಂದರು ಮೇಷ್ಟ್ರು. ನಿಂತರು. ಚಿತ್ರವನ್ನು ಮೇಜಿನ ಮೇಲಿಟ್ಟರು. "ನಾನು ನಿನ್ನ ಕರಡು ನೋಡಿ ಬರೆದೆ."

ಗೆರೆಯಮ್ಮ ಚೀಲದಿಂದ ಕರಡನ್ನು ತೆಗೆದು ಮೇಜಿನ ಮೇಲಿಟ್ಟಳು. ಬೆರಳಿಟ್ಟು ಮಧ್ಯದ ಗೆರೆಯನ್ನು ತೋರಿಸಿದಳು. ಬಾಯಿ ಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ. ಆ ಗೆರೆಯನ್ನು ಅವಳು ಎಳೆಯುವುದನ್ನು ಮೇಷ್ಟ್ರು ಸಾವಿರ ಸಲ ನೋಡಿದ್ದರು. ಅದರ ಮೇಲೆ ಹಾಸ್ಯ ಮಾಡಿ ಹುಡುಗರಿಗೆ ಆ ಅಡ್ಡಹೆಸರು ಹೊಳೆಯುವಂತೆ ಮಾಡಿದ್ದವರೇ ಅವರು.

ಮುಖ್ಯಸ್ಥೆ ಹಿಂತಿರುಗಿದಾಗ ಇಬ್ಬರೂ ಹಾಗೇ ನಿಂತಿದ್ದರು. ಅವಳು ಸೂಕ್ಷ್ಮದರ್ಶಕಕ್ಕೆ ಬಾಗಿ ನೋಡಿದಳು. ಆಮೇಲೆ ಕರಡನ್ನು ನೋಡಿದಳು. ಬುದ್ಧಿವಂತೆ, ಯಾರೂ ವಿವರಿಸಬೇಕಾಗಲಿಲ್ಲ. "ಒಂದು ಗಿಡ ತಾನೇ ಸರ್," ಎಂದಳು. "ಅದೊಂದನ್ನ ತೆಗೆದುಬಿಡೋಣ. ಉಳಿದ ನೂರ ಎಪ್ಪತ್ತೊಂಬತ್ತು ಇದಾವಲ್ಲ."

ಸಮಾಧಾನಕ್ಕೆಂದು ಹೇಳಿದ ಮಾತು. ಆದರೆ ಮೇಷ್ಟ್ರು ಅದೇ ಮಾತಿಗೆ ಕುರ್ಚಿ ಎಳೆದು ಕೂತು, ಇಡೀ ಕಟ್ಟನ್ನು ಮುಂದಕ್ಕೆ ಎಳೆದುಕೊಂಡರು. ಎರಡನೆಯ ಚಿತ್ರವನ್ನು ಎತ್ತಿ ಹಿಡಿದು, "ಇದು?" ಎಂದರು.

"ನೋಡಿ ಬರೆದದ್ದು," ಎಂದಳು ಗೆರೆಯಮ್ಮ.

ಬಲಕ್ಕಿಟ್ಟರು. "ಇದು?"

"ನೋಡಿ ಬರೆದದ್ದು. ಕಾಯಿ ಮಾತ್ರ ನೀವು ಹೇಳಿದ್ದು."

ಎಡಕ್ಕಿಟ್ಟರು. "ಇದು?"

"ನೋಡಿದ್ದೆ ಅನ್ಸುತ್ತೆ."

"ಅನ್ಸುತ್ತೆ ಅನ್ನೋದನ್ನ ಎಲ್ಲಿ ಇಡ್ಲಿ?" ಕೇಳಿದ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಅವಳು ಮಸಿ ಬಾಟಲಿ ಹಿಡಿದುಕೊಳ್ಳುತ್ತಿದ್ದಳು. ಮೇಷ್ಟ್ರು ಮಧ್ಯದಲ್ಲಿ ಮೂರನೆಯ ರಾಶಿ ಮಾಡಿದರು.

ಮಧ್ಯಾಹ್ನದವರೆಗೂ ಹಾಗೇ ನಡೆಯಿತು. ಮುಖ್ಯಸ್ಥೆ ಎರಡು ಸಲ ಕಾಫಿ ತರಿಸಿದಳು, ಎರಡು ಸಲವೂ ಆರಿ ತಣ್ಣಗಾಯಿತು. ಎಲೆಯ ಕೂದಲು ನೀವು ನೋಡಿದ್ದೋ ನಾನು ನೋಡಿದ್ದೋ ಎಂದು ಇವಳು. ಬೀಜದ ಮೇಲಿನ ಗೀರು ನನ್ನ ಟಿಪ್ಪಣಿಯಿಂದ ಚಿತ್ರಕ್ಕೆ ಹೋಯಿತೋ, ಚಿತ್ರದಿಂದ ಟಿಪ್ಪಣಿಗೆ ಬಂತೋ ಎಂದು ಅವರು. ಹೊಸದರಲ್ಲಿ ಮಾಡಿದವೆಲ್ಲ ಬಲಗಡೆಗೆ ಹೋದವು. ಆಗ ಒಬ್ಬರ ಮೇಲೊಬ್ಬರಿಗೆ ಇಷ್ಟು ಭರವಸೆ ಇರಲಿಲ್ಲ, ಹೂವೊಂದಕ್ಕೆ ಇಡೀ ದಿನ ಜಗಳವಾಡುತ್ತಿದ್ದರು. ಈಚಿನ ವರ್ಷಗಳಿಗೆ ಬಂದ ಹಾಗೆ, ಇಬ್ಬರೂ ಸಲಿಗೆಯಿಂದ ನಕ್ಕು ಕೆಲಸ ಮಾಡಿದ ಆ ಒಳ್ಳೆಯ ವರ್ಷಗಳವೆಲ್ಲ, ನಡುವಿನ ರಾಶಿಗೆ ಬಿದ್ದವು. ಅದು ಬೆಳೆದು ಬೆಳೆದು ಒಂದು ಕಡೆ ವಾಲಿತು.

ಮುಖ್ಯಸ್ಥೆ ಅದರ ಎತ್ತರವನ್ನೊಮ್ಮೆ ನೋಡಿದಳು. "ಇವನ್ನೆಲ್ಲ ಮತ್ತೆ ಮೊದಲಿಂದ ನೋಡಬೇಕು ಅಂದ್ರೆ..."

"ಹತ್ತು ವರ್ಷ," ಎಂದರು ಮೇಷ್ಟ್ರು. "ನಂಗೆ ಎಪ್ಪತ್ತು ದೂರ ಇಲ್ಲ, ಕಣ್ಣೂ ಇಲ್ಲ. ಕುಲಪತಿಗಳಿಗೆ ಹೇಳಿಬಿಡಿ. ಪುಸ್ತಕ ಬೇಡ."

"ನಾನು ನೋಡ್ತೀನಿ ಮೇಷ್ಟ್ರೇ," ಎಂದಳು ಗೆರೆಯಮ್ಮ. "ಒಂದೊಂದಾಗಿ ನಾನು ನೋಡಿ ನಿಮಗೆ ಹೇಳ್ತೀನಿ. ನೀವು ಕೂತ್ಕೊಂಡು ಕೇಳಿದ್ರೆ ಸಾಕು."

ಮೇಷ್ಟ್ರು ಅವಳನ್ನು ನೋಡಿದರು. "ಅದನ್ನೇ ಅಲ್ವೇನಮ್ಮ ನಾವು ಮಾಡಿದ್ದು?" ಎಂದರು. "ನೀನು ನೋಡ್ತೀಯ ಅಂತ ನಾನು ನೋಡೋದು ಬಿಟ್ಟೆ. ಯಾವತ್ತು ಬಿಟ್ಟೆ ಅನ್ನೋದೂ ನೆನಪಿಲ್ಲ."

ಎದ್ದು, ಕೊರಳಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿಕೊಳ್ಳುತ್ತಿದ್ದ ಪುಟ್ಟ ಭೂತಗನ್ನಡಿಯನ್ನು ಕಳಚಿದರು. ನಡುರಾಶಿ ಗಾಳಿಗೆ ಹಾರದಿರಲೆಂದೋ ಏನೋ, ಅದರ ಮೇಲಿಟ್ಟರು. ಬಾಗಿಲ ಬಳಿ, "ನಿನ್ನ ತಪ್ಪಲ್ಲಮ್ಮ," ಎಂದರು. ಅವಳು ಅದಕ್ಕೆ ಕಾಯುತ್ತಿದ್ದಳು. ಆದರೆ ಕೇಳಿದ ಮೇಲೆ ಏನೂ ಹಗುರವಾಗಲಿಲ್ಲ.

ಮನೆಯಲ್ಲಿ ಅತ್ತೆಗೆ ಹೇಳುವುದು ಇನ್ನೂ ಕಷ್ಟವಾಯಿತು. ಎಷ್ಟು ಬಿಡಿಸಿ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. "ಗಿಡ ಇಲ್ಲ ಅಂದ್ರೇನೇ? ಇಲ್ಲೇ ಇದೆಯಲ್ಲ, ಎಲೆ ಇದೆ, ಹೂವಿದೆ," ಎಂದು ಚೌಕಟ್ಟಿನ ಗಾಜನ್ನು ಸೆರಗಿನಲ್ಲಿ ಒರೆಸಿದಳು. ಕೆಳಗಿಳಿಸಲು ಬಿಡಲಿಲ್ಲ. ಮಾರನೆಯ ದಿನವೂ ಹಾಲಿನ ಸಾಲಿನಲ್ಲಿ ಗಿಡದ ಮಾತೆತ್ತಿದಳೆಂದು ಗಂಡ ನಗುತ್ತಾ ಬಂದು ಹೇಳಿದ. ಗೆರೆಯಮ್ಮ ನಗದಿದ್ದದ್ದನ್ನು ನೋಡಿ ಯಂತ್ರದ ಮುಂದೆ ಕೂತ.

ಆ ಬೀರುಗಳ ವಿಚಾರದಲ್ಲಿ ಒಂದು ಪದ್ಧತಿಯಿದೆ. ಒಮ್ಮೆ ಹಾಳೆಯ ಮೇಲೆ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ, ಹರಿಯುವಂತಿಲ್ಲ. ತಪ್ಪಾಗಿದ್ದರೆ ಪಕ್ಕದಲ್ಲಿ ಹೊಸ ಚೀಟಿ ಅಂಟಿಸಬೇಕು, ಹಳೆಯದು ಹಾಗೇ ಇರಬೇಕು. ಬರಹ ಅಂದವಾಗಿದೆಯೆಂದು ಚೀಟಿಗಳನ್ನು ಬರೆಯುವುದು ಮೊದಲಿನಿಂದಲೂ ಗೆರೆಯಮ್ಮನ ಕೆಲಸ. ಅವಳು ಕಳೆಗಿಡದ ಹೆಸರನ್ನು ದುಂಡಗೆ ಬರೆದು, ಕೆಳಗೆ 'ಕೇಸರ ನಾಲ್ಕು' ಎಂದು ಸೇರಿಸಿ, ತನ್ನ ಹೆಸರಿನ ಪಕ್ಕಕ್ಕೆ ಅಂಟಿಸಿದಳು. ನಾಲ್ಕೂ ಕೇಸರಗಳನ್ನು ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ ಅದೇ ಹಾಳೆಯ ಮೂಲೆಗೆ ಸಿಕ್ಕಿಸಿ ಬೀರು ಮುಚ್ಚಿದಳು.

ಹೊಸ ತರಗತಿಯ ಉದ್ಘಾಟನೆ ಮಾತ್ರ ಹೇಳಿದ ದಿನವೇ ಆಯಿತು. ಕುಲಪತಿಗಳು ಬಂದು ಕಂದಕದ ಬಗ್ಗೆ, ಸೇತುವೆಯ ಬಗ್ಗೆ ಮಾತಾಡಿದರು. ಪುಸ್ತಕದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಫಲಕವನ್ನು ಬಾಗಿಲ ಮೇಲೆ ಹೊಡೆದರು, ಮೂಲೆಯಲ್ಲಿ ಗಿಡಗಳ ಫೋಟೋ ತೆಗೆಯುವ ಯಂತ್ರವೊಂದನ್ನು ತಂದಿಟ್ಟರು. ಎರಡೂ ಕಡೆಯ ಹುಡುಗರು ಬಂದು ಎರಡು ಸಾಲಾಗಿ ಬೇರೆ ಬೇರೆ ಕೂತು, ಪಾಠ ಮುಗಿದ ಮೇಲೆ ಎರಡು ಬಾಗಿಲಿನಿಂದ ಹೋದರು. ಗೆರೆಯಮ್ಮ ಎರಡು ಸಲ ಮೇಷ್ಟ್ರ ಮನೆಗೆ ಹೋಗಿಬಂದಳು. ಮೊದಲ ಸಲ ಮಗಳು ಒಳಗಿನಿಂದ ಬಂದು, "ಅಪ್ಪ ಮಲಗಿದಾರೆ ಆಂಟೀ," ಎಂದಳು. ಎರಡನೆಯ ಸಲ ಅವರೇ ಸಿಕ್ಕಿದರು, ಕಾಫಿ ಕೊಟ್ಟರು, ಅವಳ ಅತ್ತೆಯ ಮಂಡಿನೋವು ವಿಚಾರಿಸಿದರು. ಗಿಡದ ಮಾತು ಬರಲಿಲ್ಲ. ಇಬ್ಬರು ಅಪರಿಚಿತರು ಕೂತ ಹಾಗೆ ಅರ್ಧ ಗಂಟೆ ಕೂತು ಎದ್ದುಬಂದಳು.

ತರಗತಿ ಶುರುವಾದ ಐದನೆಯ ವಾರ ಒಂದು ಬೆಳಿಗ್ಗೆ, ಬರುವ ದಾರಿಯಲ್ಲಿ ಕಾಂಪೌಂಡಿನ ಬುಡದಲ್ಲಿದ್ದ ಅದೇ ಕಳೆಗಿಡದಿಂದ ಹೂವಿರುವ ಒಂದು ರೆಂಬೆ ಕಿತ್ತು ತಂದಳು. ಯಾರೂ ಹೇಳಿರಲಿಲ್ಲ. ನೀರಿನ ಲೋಟದಲ್ಲಿಟ್ಟು, ಹೊಸ ಹಾಳೆ ಹಾಸಿ, ಪೆನ್ಸಿಲು ಚೂಪು ಮಾಡಿದಳು. ಪೆನ್ಸಿಲು ತಾನಾಗಿ ಹಾಳೆಯ ನಡುವಿಗೆ ಹೋಯಿತು. ಕೈ ತಡೆದಳು. ಗೆರೆಯಿಲ್ಲದೆಯೇ ಬರೆಯತೊಡಗಿದಳು, ಎಲೆಯಾದ ಮೇಲೆ ಎಲೆ, ಆಮೇಲೆ ಹೂವು.

ಮುಗಿಸಿದಾಗ ಮಧ್ಯಾಹ್ನದ ಬಿಸಿಲು ಮೇಜಿನ ಮೇಲಿನ ಮಸಿಯ ಕಲೆಗೆ ಬಂದಿತ್ತು. ಹೂವು ಸೊಟ್ಟಗೆ ಬಂದಿತ್ತು, ಒಂದು ಪಕ್ಕಕ್ಕೆ ಕುಸಿದ ಹಾಗೆ. ವಾಡಿಕೆಯಂತೆ ಹಾಳೆಯನ್ನು ಎದುರಿನ ಮೇಷ್ಟ್ರ ಖಾಲಿ ಕುರ್ಚಿಯ ಕಡೆಗೆ ತಿರುಗಿಸಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು. ಮೇಷ್ಟ್ರ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಲೋಟದಲ್ಲಿದ್ದ ಹೂವಿನೊಳಗೆ ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು. ಹಾಳೆಯ ಮೂಲೆಯಲ್ಲಿ ಸಂಖ್ಯೆ ಬರೆಯಲು ಪೆನ್ಸಿಲು ಎತ್ತಿಕೊಂಡಳು. ಬರೆಯದೆ ಕೆಳಗಿಟ್ಟು, ಮತ್ತೆ ಒಂದರಿಂದ ಎಣಿಸತೊಡಗಿದಳು.